ಎಡಿಟಿಂಗ್ ಹಂಚಿಕೊಳ್ಳಲು ಮೂರು ದಾರಿ: ಹಾರ್ಡ್‌ಡಿಸ್ಕ್, ಕ್ಲೌಡ್, ಪ್ರಾಕ್ಸಿ

ಕಿರುಚಿತ್ರದ ಎಡಿಟಿಂಗ್‌ಗೆ ಮೂವರು ಕೈಹಾಕುವುದಾದರೆ ಪ್ರಾಕ್ಸಿ ದಾರಿಯೇ ಸರಿ, ಅಂದರೆ ಫುಟೇಜ್‌ನ ಹಗುರ ಪ್ರತಿಗಳ ಮೇಲೆ ಕಟ್ ಮಾಡಿ ಕೊನೆಗೆ ಮೂಲಕ್ಕೆ ಮರಳುವುದು. ಉಳಿದೆರಡನ್ನೂ ಬಳಸಿ ನೋಡಿಯೇ ಈ ಮಾತು ಹೇಳುತ್ತಿರುವುದು. ಎಡಿಟರ್, ನಿರ್ದೇಶಕ, ಸೌಂಡ್ ಮಾಡುವವರು ಬೇರೆ ಬೇರೆ ಕಡೆ ಇದ್ದಾರೆ, ಕೈಯಲ್ಲಿ ನಾಲ್ಕು ಗಂಟೆಯ 4ಕೆ ಫುಟೇಜ್ ಇದೆ ಎಂದಿಟ್ಟುಕೊಳ್ಳಿ.

ಒಂದೇ ಹಾರ್ಡ್‌ಡಿಸ್ಕ್ ಕೈಯಿಂದ ಕೈಗೆ ದಾಟಿಸುವುದು ಅಗ್ಗ. ಆದರೆ ಡಿಸ್ಕ್ ಇದ್ದವರು ಮಾತ್ರ ಕೆಲಸ ಮಾಡುತ್ತಾರೆ, ಉಳಿದಿಬ್ಬರು ಕಾಯುತ್ತಾರೆ. ಅಷ್ಟರಲ್ಲಿ ಹೊಳೆದದ್ದು ಆರಿಹೋಗಿರುತ್ತದೆ.

ಪೂರ್ತಿ ಫುಟೇಜ್ ಕ್ಲೌಡ್‌ಗೆ ಹಾಕುವುದಾದರೆ ಮೊದಲು ಲೆಕ್ಕ ಹಾಕಿ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಗಂಟೆಗೆ 45 ಜಿಬಿ, ಒಟ್ಟು 180 ಜಿಬಿ. 20 ಮೆಗಾಬಿಟ್ ಅಪ್‌ಲೋಡ್ ವೇಗ ಒಮ್ಮೆಯೂ ತಗ್ಗದಿದ್ದರೂ 20 ಗಂಟೆ ಬೇಕು. ಆಮೇಲೆ ಉಳಿದಿಬ್ಬರೂ ಅಷ್ಟನ್ನೂ ಇಳಿಸಿಕೊಳ್ಳಬೇಕು.

ಪ್ರಾಕ್ಸಿಯಲ್ಲಿ ಮೂಲ ಫುಟೇಜ್ ಒಬ್ಬರ ಬಳಿಯೇ ಇರುತ್ತದೆ. 1080ಪಿ, 8 ಮೆಗಾಬಿಟ್‌ನ ಪ್ರತಿಗಳು ನಾಲ್ಕು ಚಾನೆಲ್ ಆಡಿಯೊ ಸೇರಿ ಸುಮಾರು 23 ಜಿಬಿ ಆಗುತ್ತವೆ. ಅದೇ ವೇಗದಲ್ಲಿ ಎರಡೂವರೆ ಗಂಟೆಯಲ್ಲಿ ಏರುತ್ತವೆ. ಆಮೇಲೆ ದಿನವೂ ಓಡಾಡುವುದು ಕಟ್‌ಗಳ ವಿವರವಷ್ಟೇ ಇರುವ ಪುಟ್ಟ ಪ್ರಾಜೆಕ್ಟ್ ಫೈಲ್ ಮಾತ್ರ.

ತೊಡಕು ಇರುವುದು ಮೂಲಕ್ಕೆ ಮರಳುವಾಗ, ಅಂದರೆ ರೀಲಿಂಕ್‌ನಲ್ಲಿ. ಕೆಲವು ಕ್ಯಾಮೆರಾಗಳು ಕಾರ್ಡ್ ಫಾರ್ಮ್ಯಾಟ್ ಆದಮೇಲೆ ಮತ್ತೆ ಸಿ0001ರಿಂದ ಎಣಿಸುತ್ತವೆ. ಮೊದಲ ದಿನವೂ ಸಿ0001, ಎರಡನೇ ದಿನವೂ ಸಿ0001. ಪ್ರತಿ ಕ್ಲಿಪ್‌ನ ಟೈಮ್‌ಕೋಡ್ (ಪ್ರತಿ ಫ್ರೇಮಿಗೂ ಬೀಳುವ ಸಮಯದ ಗುರುತು) ಕೂಡ ಸೊನ್ನೆಯಿಂದಲೇ ಶುರುವಾದರೆ ಹೆಸರು, ಟೈಮ್‌ಕೋಡ್ ನೋಡಿ ಎರಡನ್ನೂ ಬೇರ್ಪಡಿಸಲು ಸಾಫ್ಟ್‌ವೇರ್‌ಗೆ ಆಗುವುದಿಲ್ಲ. ಬಾಗಿಲು ಮುಚ್ಚುವ ಶಾಟ್ ಇದ್ದ ಜಾಗದಲ್ಲಿ ಮೇಜಿನ ಮೇಲಿನ ಲೋಟ ಬಂದು ಕೂರುತ್ತದೆ. ಎರರ್ ಕೂಡ ತೋರಿಸುವುದಿಲ್ಲ, ಆದ್ದರಿಂದ ಕಣ್ಣಿಗೆ ಬೀಳುವುದು ಕಲರ್ ಮಾಡುವಾಗ, ಅಂದರೆ ಬಣ್ಣ ತಿದ್ದುವಾಗಲೇ.

ಹೀಗಾಗದಿರಲು ಕ್ಯಾಮೆರಾದ ಟೈಮ್‌ಕೋಡನ್ನು ಗಡಿಯಾರದ ಸಮಯಕ್ಕೆ ಹೊಂದಿಸಿ, ಫ್ರೀ ರನ್‌ನಲ್ಲಿಡಿ, ಅಂದರೆ ರೆಕಾರ್ಡಿಂಗ್ ನಿಂತಾಗಲೂ ಅದು ಓಡುತ್ತಲೇ ಇರಲಿ. ಕಾರ್ಡ್‌ನ ಒಂದು ಪ್ರತಿಯನ್ನು ಮುಟ್ಟದೆ ಎತ್ತಿಡಿ. ಇನ್ನೊಂದು ಪ್ರತಿಯಲ್ಲಿ ಹೆಸರಿನ ಮುಂದೆ ದಿನ, ಕ್ಯಾಮೆರಾ ಸೇರಿಸಿ: ಡಿ1_ಎ_ಸಿ0001. ಇದು ಪ್ರಾಕ್ಸಿ ಮಾಡುವ ಮೊದಲೇ ಆಗಬೇಕು. ಆಮೇಲೆ ಹೆಸರು ಬದಲಿಸಿದರೆ ಕೊಂಡಿ ಕಳಚುತ್ತದೆ. ಉದ್ದ ಟೇಕನ್ನು ಹಲವು ಫೈಲ್‌ಗಳಾಗಿ ತುಂಡರಿಸಿ ಬರೆಯುವ ಕ್ಯಾಮೆರಾ ಆದರೆ ಒಳಗಿನ ಫೈಲ್‌ಗಳನ್ನು ಮುಟ್ಟಬೇಡಿ, ಹೊರಗಿನ ಫೋಲ್ಡರ್‌ಗೆ ಮಾತ್ರ ಹೆಸರಿಡಿ.

ಎರಡನೆಯ ಕಾಟ ಆಡಿಯೊ ಚಾನೆಲ್. ಮೂಲದಲ್ಲಿ ನಾಲ್ಕಿವೆ: ಒಂದನೆಯದು ಕಾಲರ್ ಮೈಕ್, ಎರಡನೆಯದು ಬೂಮ್ (ಕೋಲಿಗೆ ಕಟ್ಟಿದ ಮೈಕ್), ಉಳಿದೆರಡು ಕ್ಯಾಮೆರಾದ್ದೇ. ಪ್ರಾಕ್ಸಿಯಲ್ಲಿ ಇವೆಲ್ಲ ಸ್ಟೀರಿಯೊಗೆ ಕಲಸಿಹೋದರೆ ಎಡಿಟ್ ಮಾಡುವಾಗ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಮೂಲಕ್ಕೆ ಮರಳಿದಾಗ ರೀಲಿಂಕ್ ಆಗುವುದೇ ಇಲ್ಲ, ಇಲ್ಲವೇ ಎಡ ಸ್ಪೀಕರ್‌ನಲ್ಲಿ ಕಾಲರ್ ಮೈಕ್, ಬಲದಲ್ಲಿ ಬೂಮ್ ಆಗಿ ಸಂಭಾಷಣೆ ಒಡೆದುಹೋಗುತ್ತದೆ. ಪ್ರಾಕ್ಸಿ ಪ್ರಿಸೆಟ್‌ನಲ್ಲೂ ಅಷ್ಟೇ ಚಾನೆಲ್ ಇರಲಿ, ಎಂಪಿ4 ಬದಲು ಪಿಸಿಎಂ (ಕುಗ್ಗಿಸದ) ಆಡಿಯೊ ಇರುವ ಎಂಒವಿ ಫೈಲ್ ಬಳಸಿ. ಮೊದಲು ಮೂರೇ ಕ್ಲಿಪ್ ಹಿಡಿದು ಪ್ರಾಕ್ಸಿ, ಕಟ್, ರೀಲಿಂಕ್ ಪೂರ್ತಿ ಮಾಡಿ ನೋಡಿ. ಅರ್ಧ ಗಂಟೆಯ ಕೆಲಸ, ದಯವಿಟ್ಟು ಬಿಡಬೇಡಿ.

ಫೋನಿನಲ್ಲಿ ತೆಗೆದ ಶಾಟ್ ಇದ್ದರೆ ಮೊದಲು ಸ್ಥಿರ ಫ್ರೇಮ್‌ರೇಟ್‌ಗೆ (ಸೆಕೆಂಡಿಗೆ ಸದಾ ಅಷ್ಟೇ ಫ್ರೇಮ್) ತನ್ನಿ.

ಇಷ್ಟು ಪಾಡು ಯಾಕೆಂದರೆ, ಒಂದೇ ದೃಶ್ಯಕ್ಕೆ ಎರಡು ಕಟ್ ಒಂದೇ ಸಂಜೆ ಪಕ್ಕಪಕ್ಕ ಸಿಗುತ್ತವೆ. ಎಡಿಟರ್ ‘ದೃಶ್ಯ4_ಅ’ ಮೇಲೆ ಕೂತಿರುವಾಗಲೇ ನಿರ್ದೇಶಕರು ನಕಲು ತೆಗೆದು ‘ದೃಶ್ಯ4_ಆ’ದಲ್ಲಿ ಉತ್ತರಕ್ಕೆ ಮುಂಚಿನ ಮೌನಕ್ಕೆ 12 ಫ್ರೇಮ್ ಸೇರಿಸಿ ನೋಡಬಹುದು. 24 ಫ್ರೇಮ್ ಲೆಕ್ಕದಲ್ಲಿ ಅದು ಅರ್ಧ ಸೆಕೆಂಡ್. ಆ ಅರ್ಧ ಸೆಕೆಂಡಿನಲ್ಲಿ ಪಾತ್ರ ಸುಳ್ಳು ಹೇಳುತ್ತಿದೆಯೋ ನಿಜವೋ ಎನ್ನುವುದೇ ಬದಲಾಗುತ್ತದೆ. ಬಿನ್ ಲಾಕ್ (ಒಬ್ಬರು ತೆರೆದ ಕ್ಲಿಪ್ ಫೋಲ್ಡರನ್ನು ಇನ್ನೊಬ್ಬರು ಬದಲಿಸದಂತೆ ತಡೆಯುವ ಬೀಗ) ಇರುವ ಸಾಫ್ಟ್‌ವೇರ್ ಆದರೆ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರದು ಬೀಳುವುದಿಲ್ಲ.

ರಾತ್ರಿ ಒಂದೊಂದು ಗಂಟೆ ಕೂತು ಕೆಲಸ ಮಾಡುವ ರೂಢಿ, ಎರಡು ಡಿಸ್ಕ್‌ಗಷ್ಟೇ ಸಾಲುವ ದುಡ್ಡು: ನನ್ನ ಆಯ್ಕೆಗೆ ಇವೆರಡೇ ಕಾರಣ. ಮೂವರೂ ಒಂದೇ ಕೋಣೆಯಲ್ಲಿ ವಾರಗಟ್ಟಲೆ ಕೂರುವವರಾದರೆ ಆ ಒಂದೇ ಹಾರ್ಡ್‌ಡಿಸ್ಕ್ ಸಾಕು, ಜೊತೆಗೆ ದಿನವೂ ತೆಗೆದಿಡುವ ಇನ್ನೊಂದು ಪ್ರತಿ ಇರಲಿ.