ಮ್ಯಾಕ್ರೋ ಫ್ಲ್ಯಾಶ್ ಥಟ್ಟನೆ ಬಿಚ್ಚಲು: ಕ್ಲ್ಯಾಂಪೋ, ಮ್ಯಾಗ್ನೆಟ್ಟೋ, ವೆಲ್ಕ್ರೋನೋ?

ಮೊದಲೇ ಹೇಳಿಬಿಡುತ್ತೇನೆ, ಹುಳು, ಹೂವುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಫೋಟೋಗೆ ಕಟ್ಟಿಕೊಂಡ ಫ್ಲ್ಯಾಶ್ ಬಿಚ್ಚಿ ಹಾಕಲು ನನ್ನ ಓಟು ಆರ್ಕಾ ಮಾದರಿಯ ಕ್ಲ್ಯಾಂಪಿಗೆ, ಅಂದರೆ ಟ್ರೈಪಾಡಿನ ಮೇಲೆ ಕ್ಯಾಮೆರಾದ ಪ್ಲೇಟನ್ನು ಎರಡೂ ಬದಿಯಿಂದ ಕಚ್ಚಿ ಹಿಡಿಯುತ್ತದಲ್ಲ, ಅದಕ್ಕೆ.

ಕ್ಯಾಮೆರಾದ ಟ್ರೈಪಾಡ್ ತೂತಿಗೆ ಬಗ್ಗಿಸಿದ ಅಲ್ಯೂಮಿನಿಯಂ ಪಟ್ಟಿ, ಅದರ ತುದಿಯಲ್ಲಿ ಗೋಡಾಕ್ಸ್ ಟಿಟಿ350 ಅನ್ನುವ ಸಣ್ಣ ಫ್ಲ್ಯಾಶ್, ಅದಕ್ಕೊಂದು ಬೆಳಕು ಹರಡುವ ಡಿಫ್ಯೂಸರ್. ಲೆನ್ಸಿನ ಮೂತಿಯ ಹತ್ತಿರವೇ ಮೆತ್ತಗಿನ ಬೆಳಕು ಸಿಗುತ್ತದೆ. ಆದರೆ ಇದು ಹಾಗೇ ಬ್ಯಾಗಿಗೆ ಹೋಗುವುದಿಲ್ಲ. ಎಲೆಯಡಿಯ ಜೇಡ ಕಂಡರೆ ಫ್ಲ್ಯಾಶನ್ನು ಕೈಯಲ್ಲಿ ಹಿಡಿದು ಕೆಳಗಿನಿಂದ ಬೆಳಕು ಕೊಡಬೇಕು. ಸ್ಕ್ರೂ ಬಿಚ್ಚುತ್ತಾ ಕೂತರೆ ಜೇಡ ಕಾಯುತ್ತದಾ?

ವೆಲ್ಕ್ರೋ ಅಗ್ಗ. ಡಿಫ್ಯೂಸರ್ ಭಾರಕ್ಕೆ ತೂಗಾಡುತ್ತದೆ, ಬಿಚ್ಚುವಾಗಿನ ಪರ್ ಸದ್ದಿಗೆ ಚಿಟ್ಟೆ ಹಾರಿಹೋಗುತ್ತದೆ. ಅಷ್ಟೇ.

ಮ್ಯಾಗ್ನೆಟ್ ಮಾತ್ರ ಆಸೆ ಹುಟ್ಟಿಸುತ್ತದೆ. ಪಟ್ಟಿಗೆ ನಾಲ್ಕು ನಿಯೋಡಿಮಿಯಂ ಬಿಲ್ಲೆ, ಫ್ಲ್ಯಾಶ್ ಕೂರುವ ಕೋಲ್ಡ್ ಶೂ ಅಡಿಗೆ ಉಕ್ಕಿನ ತಗಡು, ಎರಡಕ್ಕೂ ಅರಾಲ್ಡೈಟ್. ಟಕ್ ಅಂತ ಕೂರುತ್ತದೆ. ಅಂಗಡಿಯವರು ಹೇಳುವ ಕೆಜಿ ಲೆಕ್ಕ ನೇರ ಎಳೆತದ್ದು, ಅದೂ ದಪ್ಪ ಉಕ್ಕಿನ ಮೇಲೆ. ಅಡ್ಡಕ್ಕೆ ಜಾರುವುದನ್ನು ತಡೆಯುವ ಬಲ ಅದಕ್ಕಿಂತ ಬಹಳ ಕಡಿಮೆ. ಲಂಟಾನದ ಕೊಂಬೆಯೊಂದು ಡಿಫ್ಯೂಸರಿಗೆ ಸಿಕ್ಕಿಕೊಂಡರೆ ಸಾಕು, ಫ್ಲ್ಯಾಶ್ ಪಕ್ಕಕ್ಕೆ ವಾಲುತ್ತದೆ.

ಇದನ್ನಾದರೂ ಸಹಿಸಬಹುದು. ತಗಡಿನ ಅಂಚಿಗೆ ಸಣ್ಣ ತಡೆ ಕೊಟ್ಟರೆ ಜಾರುವುದು ನಿಲ್ಲುತ್ತದೆ. ನನಗೆ ತಲೆಕೆಟ್ಟಿದ್ದು ಮಣ್ಣಿನಿಂದ. ಮ್ಯಾಕ್ರೋ ಅಂದರೆ ಅರ್ಧ ಹೊತ್ತು ನೆಲದ ಮೇಲೇ ಅಲ್ವಾ? ಹಳ್ಳದ ಪಕ್ಕದ ಮರಳಿನಲ್ಲಿ ಕಬ್ಬಿಣದ ಅಂಶದ ಕಪ್ಪು ಕಣಗಳಿರುತ್ತವೆ. ಫ್ಲ್ಯಾಶ್ ಬಿಚ್ಚಿ ಕ್ಯಾಮೆರಾ ಕೆಳಗಿಟ್ಟರೆ ಅವೆಲ್ಲ ಮ್ಯಾಗ್ನೆಟ್ಟಿಗೆ ಮೀಸೆ ಬಂದ ಹಾಗೆ ಮೆತ್ತಿಕೊಳ್ಳುತ್ತವೆ. ಊದಿದರೆ ಹೋಗುವುದಿಲ್ಲ, ಬಟ್ಟೆಯಲ್ಲಿ ಒರೆಸಿದರೆ ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ಹೋಗಿ ಕೂರುತ್ತವೆ. ನಡುವೆ ಮರಳು ಕೂತರೆ ತಗಡು ಸಪಾಟಾಗಿ ಕೂರುವುದಿಲ್ಲ, ಹಿಡಿತ ಅರ್ಧಕ್ಕಿಳಿಯುತ್ತದೆ. ಸೆಲ್ಲೋಟೇಪಿನ ಅಂಟು ಒತ್ತಿ ಒತ್ತಿ ಕೀಳಬೇಕು. ಮಳೆಯಲ್ಲಿ ಟೇಪೂ ಅಂಟುವುದಿಲ್ಲ!

ಕ್ಲ್ಯಾಂಪಿಗೆ ಈ ರಗಳೆ ಇಲ್ಲ. ಪಟ್ಟಿಯ ತುದಿಗೆ ಕ್ಲ್ಯಾಂಪ್, ಕೋಲ್ಡ್ ಶೂ ಅಡಿಗೆ ಚಿಕ್ಕ ಪ್ಲೇಟ್. ಮಣ್ಣಾದರೆ ನೀರಲ್ಲಿ ತೊಳೆದರಾಯಿತು. ಒಂದೇ ಸ್ಕ್ರೂ ಹಾಕಿದರೆ ಕ್ಲ್ಯಾಂಪೇ ಗಿರ್ರನೆ ತಿರುಗುತ್ತದೆ, ಎರಡು ಹಾಕಿ. ತೂಕ ಸ್ವಲ್ಪ ಜಾಸ್ತಿ, ಬಿಚ್ಚಲು ಮ್ಯಾಗ್ನೆಟ್ಟಿಗಿಂತ ಒಂದೆರಡು ಸೆಕೆಂಡ್ ಹೆಚ್ಚು ಬೇಕು.

ಮನೆಯಲ್ಲಿ ಟೇಬಲ್ ಮೇಲೆ ಹೂವು, ನಾಣ್ಯ ತೆಗೆಯುವವರು ಮ್ಯಾಗ್ನೆಟ್ಟನ್ನೇ ಮಾಡಿಕೊಳ್ಳಲಿ, ದುಡ್ಡೂ ಉಳಿಯುತ್ತದೆ. ನಾನು ಮಳೆಗಾಲದಲ್ಲೇ ಜಾಸ್ತಿ ಓಡಾಡುವವನು, ನನಗೆ ಕ್ಲ್ಯಾಂಪಿಗೆ ಕೊಟ್ಟ ಆರೇಳುನೂರು ರೂಪಾಯಿ ದುಬಾರಿ ಅನ್ನಿಸಲಿಲ್ಲ. ಕೊಳ್ಳುವಾಗ ಲಿವರ್ ಇರುವುದು ಬೇಡ, ನಾಬ್ ತಿರುಗಿಸುವಂಥದ್ದು ತಗೊಳ್ಳಿ. ಆರ್ಕಾ ಪ್ಲೇಟುಗಳ ಅಗಲ ಸುಮಾರು 38 ಮಿ.ಮೀ. ಅಂತಿದ್ದರೂ ಒಬ್ಬೊಬ್ಬ ತಯಾರಕರದ್ದು ಕೂದಲೆಳೆಯಷ್ಟು ಹೆಚ್ಚುಕಮ್ಮಿ. ನಾಬ್ ಆದರೆ ಅದಕ್ಕೆ ತಕ್ಕಂತೆ ಬಿಗಿಯಾಗುತ್ತದೆ.