ಫ್ರಿಜ್ ಮೇಲಿನ ಹುಡುಗ: ಮಗುವನ್ನು ಸ್ಪಾನ್ಸರ್ ಮಾಡುವ ಮುನ್ನ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ, ಸಭೆಯ (ನಮ್ಮ ಚರ್ಚಿನ) ಮೇಲಿನ ಸಿಟ್ಟಿಗೆ ಬರೆಯುತ್ತಿಲ್ಲ. ಈಗಲೂ ಭಾನುವಾರ ಅದೇ ಬೆಂಚಿನಲ್ಲಿ ಕೂರುತ್ತೇನೆ. ಆದರೆ ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಮಕ್ಕಳ ಫೋಟೋ ಹಿಡಿದವರು ಊರೂರಿನ ಸಭೆಗಳಿಗೆ ಬರುತ್ತಾರೆ. ನಾಳೆ ನಿಮ್ಮಲ್ಲಿಗೂ ಬಂದಾರು.

2018ರ ಜುಲೈ. ಹುಬ್ಬಳ್ಳಿಯಲ್ಲಿ ನಮ್ಮ ಸ್ತ್ರೀಯರ ಕೂಟಕ್ಕೆ ಒಬ್ಬ ಬ್ರದರ್ ಬಂದರು. ಮೃದು ಮಾತು, ಒಳ್ಳೆಯ ಕಂಠ. ಬೈಬಲಿನ ಯಾಕೋಬನ ಪತ್ರಿಕೆ 1:27 ತೆರೆದರು. ಅನಾಥರನ್ನೂ ವಿಧವೆಯರನ್ನೂ ಕಷ್ಟದಲ್ಲಿ ನೋಡಿಕೊಳ್ಳುವುದೇ ನಿಜವಾದ ಭಕ್ತಿ ಎನ್ನುವ ಭಾಗ. ಆಮೇಲೆ ಬಡ ಮಕ್ಕಳಿಗೆ ಸ್ಪಾನ್ಸರ್ ಹುಡುಕಿಕೊಡುವ ವಿದೇಶಿ ಕ್ರೈಸ್ತ ಸಂಸ್ಥೆ ಕಂಪ್ಯಾಷನ್ ಇಂಟರ್‌ನ್ಯಾಷನಲ್ ವಿಷಯ ಎತ್ತಿದರು. ವಿದೇಶದ ದುಡ್ಡು ತರಲು ಅನುಮತಿ ಸಿಗದೆ ಆ ಸಂಸ್ಥೆ 2017ರ ಮಾರ್ಚ್‌ನಲ್ಲಿ ಭಾರತದ ಕೆಲಸ ನಿಲ್ಲಿಸಿತ್ತು. ಒಂದೂವರೆ ಲಕ್ಷದ ಹತ್ತಿರ ಮಕ್ಕಳಿಗೆ ಬರುತ್ತಿದ್ದ ನೆರವು ನಿಂತುಹೋಗಿತ್ತು. "ಹೊರಗಿನವರು ಹೋದರು. ಇನ್ನು ನಮ್ಮ ಮಕ್ಕಳನ್ನು ನಾವೇ ನೋಡಬೇಕಲ್ವಾ ಸಿಸ್ಟರ್?" ಎಂದರು. ಇದಕ್ಕೆ ಯಾರು ಇಲ್ಲ ಅನ್ನುತ್ತಾರೆ?

ಒಂದು ವ್ಯತ್ಯಾಸ ಮಾತ್ರ ಅವರು ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಕಂಪ್ಯಾಷನ್ ಮಕ್ಕಳು ತಮ್ಮ ಮನೆಯಲ್ಲೇ ಇದ್ದು, ಹತ್ತಿರದ ಸಭೆಯ ಸೆಂಟರಿಗೆ ಬಂದು ಹೋಗುತ್ತಿದ್ದವರು. ಈ ಬ್ರದರ್ ನಡೆಸುತ್ತಿದ್ದುದು ಮಕ್ಕಳನ್ನು ತಂದು ಇಟ್ಟುಕೊಳ್ಳುವ 'ಹೋಮ್'.

ಮೇಜಿನ ಮೇಲೆ ಕಾರ್ಡುಗಳನ್ನು ಹರಡಿದರು. ಒಂದು ಮುಖ, ಒಂದು ಹೆಸರು, ತಿಂಗಳಿಗೆ ₹1,500. ನಾನು ಎತ್ತಿಕೊಂಡದ್ದು ಏಳು ವರ್ಷದ ಹುಡುಗನದ್ದು. ಕೆಳಗೆ 'ತಂದೆ ತಾಯಿ ಇಲ್ಲ' ಎಂದಿತ್ತು. ಮನೆಗೆ ತಂದು ಫ್ರಿಜ್ ಮೇಲೆ ಅಂಟಿಸಿದೆ. ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ಅವನ ಹೆಸರೂ ಸೇರಿಕೊಂಡಿತು.

ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವಳು. ಸಹಿಯಲ್ಲಿ ಒಂದು ಗೆರೆ ಆಚೀಚೆ ಆದರೂ ಚೆಕ್ ವಾಪಸ್ ಕೊಟ್ಟವಳು. ಅಂಥವಳು ಪ್ರತಿ ತಿಂಗಳು ಒಬ್ಬ ವ್ಯಕ್ತಿಯ ಸ್ವಂತ ನಂಬರಿಗೆ ಫೋನ್‌ಪೇ ಮಾಡಿದೆ. ರಸೀದಿ ಕೇಳಿದ್ದು ಎರಡೇ ಸಲ. ಮೊದಲ ಸಲ ಪ್ಯಾನ್ ನಂಬರೂ ಇಲ್ಲದ ಒಂದು ಚೀಟಿ ಬಂತು. ಎರಡನೇ ಸಲ, "ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಕರ್ತನೇ ಹೇಳಿದ್ದಾನಲ್ಲ ಸಿಸ್ಟರ್" ಎಂದು ನಕ್ಕರು. ನಾಚಿಕೆ ಆದದ್ದು ನನಗೆ! ಆ ಮಾತು ಕೊಡುವವರು ಡಂಗುರ ಹೊಡೆಯಬಾರದು ಎನ್ನುವುದಕ್ಕೆ ಹೇಳಿದ್ದು. ತೆಗೆದುಕೊಳ್ಳುವವರು ಲೆಕ್ಕ ಕೊಡಬೇಡಿ ಎಂದಲ್ಲ. ಅಪೊಸ್ತಲ ಪೌಲನೇ ಯೆರೂಸಲೇಮಿನ ಬಡವರಿಗೆ ಕಾಣಿಕೆ ಕಳಿಸುವಾಗ, ಯಾರೂ ತನ್ನ ಮೇಲೆ ತಪ್ಪು ಹೊರಿಸಬಾರದೆಂದು ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡ. ಎರಡನೇ ಕೊರಿಂಥದ ಎಂಟನೇ ಅಧ್ಯಾಯ ತೆಗೆದು ನೋಡಿ.

ಪ್ರತಿ ಕ್ರಿಸ್‌ಮಸ್‌ಗೆ ಹುಡುಗನ ಪತ್ರ ಬರುತ್ತಿತ್ತು. ಎರಡನೇ ಕ್ಲಾಸಿನಲ್ಲೂ ಐದನೇ ಕ್ಲಾಸಿನಲ್ಲೂ ಅದೇ ದುಂಡು ಅಕ್ಷರ. ಒಂದು ವರ್ಷ ಹುಟ್ಟುಹಬ್ಬ ಆಗಸ್ಟ್‌ನಲ್ಲಿತ್ತು, ಮುಂದಿನ ವರ್ಷ ಫೆಬ್ರುವರಿಗೆ ಬಂತು. ಪಾಪ, ಮಕ್ಕಳು ಜಾಸ್ತಿ, ಗೊಂದಲ ಆಗಿರಬೇಕು ಎಂದು ಅವರ ಪರವಾಗಿ ನಾನೇ ಕಾರಣ ಹುಡುಕಿದೆ. 2020ರ ಲಾಕ್‌ಡೌನ್‌ನಲ್ಲಿ ಮಕ್ಕಳಿಗೆ ರೇಷನ್ ಇಲ್ಲ ಎಂದಾಗ ₹5,000 ಬೇರೆ ಹಾಕಿದೆ. ಆ ಡಿಸೆಂಬರ್‌ನ ಪತ್ರದಲ್ಲಿ 'ಹೋಮ್‌ನಲ್ಲಿ ಎಲ್ಲರೂ ಕೇಕ್ ತಿಂದೆವು' ಎಂದಿತ್ತು. ಈ ಸಾಲು ನೆನಪಿಟ್ಟುಕೊಳ್ಳಿ.

2022ರ ನವೆಂಬರ್‌ನಲ್ಲಿ ದಾವಣಗೆರೆಗೆ ನಾದಿನಿ ಮನೆಗೆ ಹೋಗಿದ್ದೆ. ಶೋಕೇಸಿನಲ್ಲಿ ನನ್ನ ಹುಡುಗ ಇದ್ದ. ಅದೇ ನೀಲಿ ಅಂಗಿ. ಹೆಸರು ಮಾತ್ರ ಬೇರೆ. ಅವಳೂ ತಿಂಗಳಿಗೆ ₹1,500 ಕಳಿಸುತ್ತಿದ್ದಳು.

ಫೋನ್ ಮಾಡಿ ಕೇಳಬಾರದು, ನೋಡಿಯೇ ಬರೋಣ ಎಂದು ಇಬ್ಬರೂ ಹೇಳದೆ ಕೇಳದೆ ಹೋದೆವು. ಬೋರ್ಡ್ ಇಲ್ಲದ ಬಾಡಿಗೆ ಮನೆ. 26 ಮಕ್ಕಳು, ಒಂದೇ ಬಚ್ಚಲು. ಸುಳ್ಳು ಹೇಳಬಾರದು, ಅಡುಗೆ ಚೆನ್ನಾಗಿತ್ತು. ವಾರ್ಡನ್ ಹೆಂಗಸಿಗೆ ಮಕ್ಕಳ ಮೇಲೆ ನಿಜವಾದ ಪ್ರೀತಿ ಇತ್ತು. ಬ್ರದರ್ ಊರಲ್ಲಿರಲಿಲ್ಲ. ನಿನ್ನ ಮನೆ ಎಲ್ಲಪ್ಪಾ ಎಂದು ಹುಡುಗನನ್ನು ಕೇಳಿದೆ. ಯಾದಗಿರಿ ಕಡೆಯ ಒಂದು ಊರಿನ ಹೆಸರು ಹೇಳಿ, "ನಮ್ಮವ್ವ ಬೆಂಗ್ಳೂರಾಗ ಅದಾಳ್ರೀ" ಎಂದ. ಹೊರಡುವಾಗ ವಾರ್ಡನ್ ಒಂದು ಚೀಟಿಯಲ್ಲಿ ನಂಬರ್ ಬರೆದು ಸುಮ್ನೆ ನನ್ನ ಕೈಗಿಟ್ಟಳು.

ಫೋನಿನಲ್ಲಿ ತಾಯಿ ಹೇಳಿದ್ದಿಷ್ಟು. ಗಂಡ ತೀರಿಕೊಂಡಿದ್ದಾನೆ. ಬೇಸಿಗೆ ಬಂದರೆ ಬೆಂಗಳೂರಿಗೆ ಗುಳೆ, ಕಟ್ಟಡದ ಕೆಲಸ. ಶೆಡ್ಡಿನಲ್ಲಿ ಮಗನನ್ನು ಹೇಗೆ ಬಿಡುವುದು ಎಂಬ ಚಿಂತೆಯಲ್ಲಿದ್ದಾಗ, ಇಂಗ್ಲಿಷ್ ಮೀಡಿಯಂ ಶಾಲೆ, ಎಲ್ಲ ಫ್ರೀ ಎಂದು ಯಾರೋ ಹೇಳಿದರು. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಮಗನ ಮುಖ ವರ್ಷಕ್ಕೆ ಒಂದು ಸಲ. ವಾಪಸ್ ಕೊಡಿ ಎಂದರೆ ಇಷ್ಟು ದಿನದ ಫೀಸ್ ಕಟ್ಟು ಅಂತ. ಕಾರ್ಡಿನಲ್ಲಿ ಏನು ಬರೆದಿತ್ತು ಎಂದು ಹೇಳಿದೆ. ಸ್ವಲ್ಪ ಹೊತ್ತು ಸದ್ದೇ ಇಲ್ಲ. "ನಾ ಜೀವಂತ ಅದೀನಲ್ರೀ ಅಕ್ಕಾರ" ಎಂದಳು.

ಇನ್ನೊಂದು ಮಾತೂ ಹೇಳಿದಳು. ಕೊರೊನಾ ಬಂದಾಗ ಎಲ್ಲ ಮಕ್ಕಳನ್ನೂ ಮನೆಗೆ ಕಳಿಸಿದ್ದರು. ಶಾಲೆ ಮತ್ತೆ ತೆರೆಯುವವರೆಗೆ, ಸುಮಾರು ಒಂದೂವರೆ ವರ್ಷ, ಮಗ ಅವಳ ಹತ್ತಿರವೇ ಇದ್ದ. ಹಾಗಾದರೆ ಆ ಕೇಕ್ ತಿಂದವರು ಯಾರು?

ಅವತ್ತು ರಾತ್ರಿ ಲೆಕ್ಕ ಹಾಕಿದೆ. ರೇಷನ್ ದುಡ್ಡು ಬಿಟ್ಟು, 52 ತಿಂಗಳಿಗೆ ₹78,000. ಹೋದ ದುಡ್ಡಿಗಿಂತ ಬೇರೆ ಒಂದು ಪ್ರಶ್ನೆ ಕೊರೆಯಿತು. ಕಾರ್ಡಿನಲ್ಲಿ 'ತಾಯಿ ಇದ್ದಾಳೆ, ಗುಳೆ ಹೋಗುತ್ತಾಳೆ' ಎಂದಿದ್ದರೆ ನಾನು ಅದನ್ನು ಎತ್ತಿಕೊಳ್ಳುತ್ತಿದ್ದೆನಾ? ಇಲ್ಲ ಅನಿಸುತ್ತದೆ. ಪಕ್ಕದ ಕಾರ್ಡಿಗೆ ಕೈ ಹಾಕುತ್ತಿದ್ದೆ. ಬ್ರದರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ನಮಗೆ ಅನಾಥರು ಬೇಕಿತ್ತು, ಅವರು ತಯಾರು ಮಾಡಿ ಕೊಟ್ಟರು. ಯಾಕೋಬನ ಮಾತಿನಲ್ಲಿ ಅನಾಥರ ಪಕ್ಕದಲ್ಲೇ ವಿಧವೆಯರೂ ಇದ್ದಾರೆ. ಕೂಟದಲ್ಲಿ ಅವತ್ತು ನಾವೆಲ್ಲ ಅರ್ಧ ವಾಕ್ಯ ಮಾತ್ರ ಕೇಳಿಸಿಕೊಂಡಿದ್ದೆವು.

ಇದು ಹೊಸದೂ ಅಲ್ಲ. 2010ರಲ್ಲಿ ಅಸ್ಸಾಂ, ಮಣಿಪುರದ 76 ಮಕ್ಕಳನ್ನು ತಮಿಳುನಾಡಿನ ಹೋಮ್‌ಗಳಿಗೆ ಸಾಗಿಸಿದ್ದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ನನಗೆ ತಡವಾಗಿ ತಿಳಿಯಿತು ಅಷ್ಟೆ.

1098ಕ್ಕೆ ಫೋನ್ ಮಾಡಿದೆ. ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಹೋಗಿ ನೋಡಿದರು. ನೋಂದಣಿಯೇ ಆಗಿರಲಿಲ್ಲ. ಮಕ್ಕಳನ್ನು, ಇಂಥ ಮಕ್ಕಳು ಎಲ್ಲಿರಬೇಕೆಂದು ಆದೇಶ ಕೊಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದರು. ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದರು. ಬ್ರದರ್ ಫೋನ್ ಸ್ವಿಚ್ ಆಫ್. ಸಭೆಯಲ್ಲಿ ಕೆಲವರು ಇಂದಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಪೇಪರಿನಲ್ಲಿ ಬಂದರೆ ಕ್ರೈಸ್ತರಿಗೇ ಕೆಟ್ಟ ಹೆಸರು ಅಂತೆ. ಮುಚ್ಚಿಟ್ಟರೆ ಒಳ್ಳೆ ಹೆಸರು ಬರುತ್ತಾ?

ನಿಮ್ಮ ಮುಂದೆ ಕಾರ್ಡ್ ಹರಡಿದರೆ ಮೊದಲು ಕೇಳಬೇಕಾದದ್ದು ಬಾಲನ್ಯಾಯ ಕಾಯ್ದೆ 2015ರ ಅಡಿಯ ನೋಂದಣಿ ಪತ್ರ. ಆರೈಕೆ, ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಯಾವ ಸಂಸ್ಥೆಗೂ 41ನೇ ಸೆಕ್ಷನ್ ಪ್ರಕಾರ ಅದು ಕಡ್ಡಾಯ. ಇಲ್ಲದಿದ್ದರೆ ಒಂದು ವರ್ಷದವರೆಗೆ ಜೈಲು, ಅಥವಾ ಕನಿಷ್ಠ ₹1 ಲಕ್ಷ ದಂಡ, ಅಥವಾ ಎರಡೂ. ಟ್ರಸ್ಟ್ ರಿಜಿಸ್ಟ್ರೇಷನ್ ತೋರಿಸಿ 'ಇದೇ ಅದು' ಎಂದರೆ ನಂಬಬೇಡಿ, ಅದೇ ಬೇರೆ, ಇದೇ ಬೇರೆ. ದುಡ್ಡು ಸಂಸ್ಥೆಯ ಖಾತೆಗೇ ಹೋಗಲಿ. ದಾನಕ್ಕೆ ತೆರಿಗೆ ವಿನಾಯಿತಿ (80ಜಿ ಎಂದು ಕರೆಯುವುದು) ಇದೆ ಎಂದರೆ ಆರ್ಥಿಕ ವರ್ಷ ಮುಗಿದ ಮೇಲೆ ದಾನದ ಪ್ರಮಾಣಪತ್ರ ಕೇಳಿ. ಮಗು ಯಾವ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಅಲ್ಲಿದೆ ಎಂದೂ ಕೇಳಿ. ಈ ಪ್ರಶ್ನೆಗೇ ಜಾಸ್ತಿ ಜನ ತಡವರಿಸುತ್ತಾರೆ.

ಇನ್ನು ಆ ತಾಯಿ. ಗಂಡ ಇಲ್ಲದ ಹೆಂಗಸು ಮಗುವನ್ನು ತನ್ನ ಹತ್ತಿರವೇ ಇಟ್ಟುಕೊಂಡು ಓದಿಸಲು ಸರ್ಕಾರದ್ದೇ ಪ್ರಾಯೋಜಕತ್ವ ಯೋಜನೆ ಇದೆ. ಮಿಷನ್ ವಾತ್ಸಲ್ಯದ ಅಡಿ ತಿಂಗಳಿಗೆ ₹4,000. ಹಳ್ಳಿಯಲ್ಲಾದರೆ ವರ್ಷದ ಆದಾಯ ₹72,000 ದಾಟಿರಬಾರದು. ಅರ್ಜಿ ಅದೇ ಜಿಲ್ಲಾ ಘಟಕದಲ್ಲಿ. ಅವಳಿಗೆ ಯಾರೂ ಹೇಳಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದಾಯ ಪತ್ರ, ಗಂಡನ ಮರಣ ಪತ್ರ, ಜಂಟಿ ಖಾತೆ ಎಂದು ಓಡಾಡಿ ಮಂಜೂರಾಗಲು ಏಳು ತಿಂಗಳು ಹಿಡಿಯಿತು. ಹುಡುಗ ಈಗ ಅಜ್ಜಿಯ ಹತ್ತಿರ ಇದ್ದು ಊರಿನ ಶಾಲೆಗೆ ಹೋಗುತ್ತಾನೆ.

ನಮ್ಮ ಕೂಟದ ದುಡ್ಡು ಈಗ ಇಂಥ ಓಡಾಟಕ್ಕೇ ಹೋಗುತ್ತದೆ. ಬಸ್ ಚಾರ್ಜು, ಜೆರಾಕ್ಸು, ಮಂಜೂರಾಗುವವರೆಗೆ ಮನೆಗೆ ರೇಷನ್. ಕಾರ್ಡ್ ಇಲ್ಲ, ಪತ್ರ ಇಲ್ಲ, ಮಕ್ಕಳ ಫೋಟೋ ಹಂಚುವುದಂತೂ ಇಲ್ಲವೇ ಇಲ್ಲ. ಎಲ್ಲರೂ ಒಪ್ಪಿದ್ದಾರೆ. ಎಂಬತ್ತು ದಾಟಿದ ಒಬ್ಬ ಆಂಟಿ ಮಾತ್ರ ಪ್ರತಿ ತಿಂಗಳೂ ಕವರ್ ಕೊಡುವಾಗ ನನ್ನ ಕೈ ಹಿಡಿದು ಕೇಳುತ್ತಾರೆ, "ಒಂದ್ ಫೋಟೋ ಆದ್ರೂ ಇರಬಾರದೇನವಾ, ಪ್ರಾರ್ಥನಾ ಮಾಡಾಕ?"