ಮಟ್ಟೆ ರಾಶಿಗೆ ಯಾವ ಹಾವು?

ತೆಂಗಿನ ಮಟ್ಟೆಯ ರಾಶಿಯೊಳಗೆ ನುಗ್ಗುವುದಕ್ಕೆ ಮೋಟರಿನ ಹಾವು ರೋಬೋಟಿಗಿಂತ ಗಾಳಿ ತುಂಬಿದ ಪ್ಲಾಸ್ಟಿಕ್ ಕೊಳವೆಯೇ ಮೇಲು. ತಿಪಟೂರಿನ ನಮ್ಮ ತೋಟದಲ್ಲಿ ಎರಡನ್ನೂ ಬಿಟ್ಟು ನೋಡಿ ಹೇಳುತ್ತಿದ್ದೇನೆ. ಮೊದಲನೆಯದಕ್ಕೆ ಸುರಿದ ದುಡ್ಡಿನ ಸಿಟ್ಟೂ ಇದರಲ್ಲಿ ಸೇರಿದೆ ಎನ್ನಿ.

ಬಿಡಿಭಾಗ ತರಿಸಿ ಜೋಡಿಸಿದ ಆ ಹಾವಿನ ಹೊಟ್ಟೆಯಡಿ ಪುಟ್ಟ ಚಕ್ರಗಳಿವೆ. ಅವನ್ನು ತಿರುಗಿಸುವ ಮೋಟರ್ ಇಲ್ಲ; ಮೋಟರುಗಳಿರುವುದು ಮೈ ಬಳುಕಿಸಲು. ಮುಂದಕ್ಕೆ ಸಲೀಸಾಗಿ ಉರುಳಬೇಕು, ಅಡ್ಡಕ್ಕೆ ಜಾರಬಾರದು, ಅಷ್ಟೇ ಅವುಗಳ ಕೆಲಸ. ಮೈ ಅತ್ತಿತ್ತ ಬಳುಕಿದಾಗ ಹಾವು ಮುಂದೆ ಸಾಗುವುದು ಈ ವ್ಯತ್ಯಾಸದಿಂದಲೇ. ಜಪಾನಿನ ಶಿಗೆಯೊ ಹಿರೋಸೆ 1972ರಲ್ಲಿ ನಡೆಸಿ ತೋರಿಸಿದ ಹಾವು ರೋಬೋಟ್ ಕೂಡ ಹೀಗೆಯೇ ಹರಿದಿತ್ತು. ಜಗಲಿಯ ಮೇಲೆ ನನ್ನದೂ ಸೊಗಸಾಗಿ ಹರಿಯಿತು.

ರಾಶಿಗೆ ಬಿಟ್ಟೊಡನೆ ನಾರಿನ ಕಾಟ ಶುರುವಾಯಿತು. ಒಂದೆಳೆ ಚಕ್ರದ ಅಚ್ಚಿಗೆ ಸಿಕ್ಕಿದರೆ ಸಾಕು, ಉರುಳಿದಷ್ಟೂ ಬಿಗಿಯಾಗಿ ಸುತ್ತಿಕೊಂಡು ಚಕ್ರ ಕಚ್ಚಿಕೊಳ್ಳುತ್ತದೆ. ಕಚ್ಚಿದ ಚಕ್ರಕ್ಕೆ ಮುಂದೂ ಒಂದೇ, ಅಡ್ಡವೂ ಒಂದೇ; ಹಾವು ಇದ್ದಲ್ಲೇ ಹೊರಳಾಡುತ್ತದೆ. ಹೊರಗೆಳೆದು, ಚಿಮಟದಿಂದ ಎಳೆ ಎಳೆಯಾಗಿ ಬಿಡಿಸಿ, ಮತ್ತೆ ಬಿಟ್ಟರೆ ಮೊಳ ದೂರ ಹೋಗುವಷ್ಟರಲ್ಲಿ ಅದೇ ಕಥೆ. ಅಪ್ಪ ನೋಡಿ, “ಹುರಿ ಹೊಸೆಯುವ ಯಂತ್ರ ಚೆನ್ನಾಗಿದೆ” ಎಂದರು.

ಚಕ್ರ ಕಿತ್ತೂ ನೋಡಿದೆ. ನಿಜವಾದ ಹಾವು ಕಲ್ಲು, ಕಡ್ಡಿಗಳಿಗೆ ಪಕ್ಕೆಯನ್ನು ಒತ್ತಿ ತನ್ನನ್ನು ತಾನೇ ಮುಂದಕ್ಕೆ ತಳ್ಳಿಕೊಳ್ಳುತ್ತದೆ. ನಾರ್ವೆಯ ಸಂಶೋಧಕರು ರೋಬೋಟಿಗೂ ಇದನ್ನು ಕಲಿಸಿದ್ದಾರೆ. ಆದರೆ ಮೈ ಎಲ್ಲಿ ತಾಗಿದೆ, ಎಷ್ಟು ಒತ್ತಬೇಕು ಎಂಬುದು ತಿಳಿಯಲು ಸಂವೇದಕಗಳು ಬೇಕು. ನನ್ನದಕ್ಕೆ ಅವಿಲ್ಲ. ಕುರುಡಾಗಿ ಒತ್ತಿದ್ದಕ್ಕೆ ಮೈ ಬಳುಕಿಸುವ ಒಂದು ಸರ್ವೋ ಮೋಟರಿನ ಪ್ಲಾಸ್ಟಿಕ್ ಹಲ್ಲುಗಳು ಮುರಿದವು.

ಕೊಳವೆಯ ನಡೆಯೇ ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ತೋರಿಸಿದ ಉಪಾಯವಿದು: ಒಳಕ್ಕೆ ಮಗುಚಿಟ್ಟ ತೆಳು ಪಾಲಿಥೀನ್, ಗಾಳಿಯ ಒತ್ತಡಕ್ಕೆ ತುದಿಯಲ್ಲಿ ಹೊರಮಗ್ಗುಲಾಗುತ್ತ ಬಳ್ಳಿಯಂತೆ ಬೆಳೆಯುತ್ತದೆ. ಆಗಲೇ ಹೊರಬಂದ ಮೈ ಕದಲುವುದಿಲ್ಲ. ಹಾಗಾಗಿ ಉಜ್ಜಾಟವಿಲ್ಲ, ನಾರು ಸುತ್ತಿಕೊಳ್ಳಲು ಚಕ್ರವೂ ಇಲ್ಲ. ಮಟ್ಟೆಯ ಮೊನೆ ಚುಚ್ಚಿ ಸಣ್ಣ ತೂತಾದರೂ ಪಂಪು ಒತ್ತುತ್ತಿದ್ದರೆ ಮುಂದೆ ಹೋಗುತ್ತಲೇ ಇರುತ್ತದೆ.

ಕೊಳವೆಗೂ ಕೊರತೆಗಳಿವೆ. ನಾವು ಹೇಳಿದ ಕಡೆಗೆ ಹೋಗದು, ಸಂದು ಕಂಡತ್ತ ತಿರುಗುತ್ತದೆ. ಹಿಂದಕ್ಕೆಳೆದರೆ ಸೊಟ್ಟಗೆ ಮಡಚಿಕೊಳ್ಳುತ್ತದೆ. ತುದಿಯ ಪ್ಲಾಸ್ಟಿಕ್ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅಲ್ಲಿ ಕ್ಯಾಮೆರಾ ಅಂಟಿಸಲು ಬಾರದು.

ನುಣುಪು ನೆಲವಿದ್ದವರು ಮೋಟರಿನ ಹಾವನ್ನೇ ಕೊಳ್ಳಲಿ. ಚಿಮಟ ಹಿಡಿದು ಕೂರುವ ತಾಳ್ಮೆ ನನಗಿಲ್ಲ. ಇನ್ನೊಂದು ಸರ್ವೋಗೆ ಕೊಡುವ ದುಡ್ಡಿನಲ್ಲಿ ಕೊಳವೆಯನ್ನೇ ತರುತ್ತೇನೆ. ಹರಿದರೆ ಅಷ್ಟುದ್ದ ಕತ್ತರಿಸಿ, ತುದಿಗೆ ಟೇಪು ಸುತ್ತಿ, ಮತ್ತೆ ಸೈಕಲ್ ಪಂಪು ಒತ್ತಿದರಾಯಿತು.